ಸೋಮವಾರ ತೆಗೆಯಬೇಕಾದ ಸಾಲು

ಇಳಿಯೂರು
ಇಳಿಕೆಯ ವರ್ಷ ನೂರಾ ಅರವತ್ತೆರಡು, ಬೇಸಿಗೆಯ ಒಂಬತ್ತನೆಯ ತಿಂಗಳು, ಮೂವತ್ತೈದನೆಯ ದಿನ, ಸೋಮವಾರ

ಎಸ್‌ಬಿ ಅವರಿಗೆ,

ಇಳಿಯೂರಿನ ಎಣಿಕೆಗಾರ ಶರಭಪ್ಪ ಎಣಿಕಿಮನಿ ಮಾಡುವ ವಂದನೆಗಳು. ಮೇಲಿನ ತಾರೀಖು ನೋಡಿ ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಬೇಸಿಗೆಗೆ ಒಂಬತ್ತು ತಿಂಗಳು, ಕೆಲವು ತಿಂಗಳಿಗೆ ನಲವತ್ತು ದಿನ. ಬಿಸಿಲು ತಗ್ಗುವವರೆಗೆ ತಿಂಗಳು ಮುಗಿಯಿತು ಅನ್ನಲು ನಮ್ಮ ಹಿರಿಯರಿಗೆ ಮನಸ್ಸು ಬರಲಿಲ್ಲವಂತೆ. ನಿಮ್ಮ ಕ್ಯಾಲೆಂಡರಿಗೆ ಹೊಂದಿಸಿ ನೋಡಿದರೆ ನಾನು ನಿಮ್ಮಿಂದ ಇನ್ನೂರ ಹದಿನಾಲ್ಕು ವರ್ಷ ಆಚೆ ಕೂತಿದ್ದೇನೆ. ವಾರಗಳ ಹೆಸರು ಮಾತ್ರ ನಿಮ್ಮ ಕಾಲದವೇ ಉಳಿದಿವೆ. ಸೋಮವಾರ ಅಂದರೆ ನಿಮಗೂ ನನಗೂ ಒಂದೇ. ಈ ಕಾಗದಕ್ಕೆ ಅಷ್ಟು ಸಾಕು.

ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನೀವು ಕಂಪ್ಯೂಟರ್ ಎಂಜಿನಿಯರ್ ಅನ್ನುತ್ತಿದ್ದವರಿಗೆ ನಮ್ಮಲ್ಲಿ ಎಣಿಕೆಗಾರ ಅನ್ನುತ್ತಾರೆ. ಈ ಊರಿನಲ್ಲಿ ಉಳಿದಿರುವ ಯಂತ್ರ ಮಾಡುವುದು ಅದೊಂದೇ ಕೆಲಸ. ಪ್ರೋಗ್ರಾಮಿನ ಸಾಲುಗಳಿಗೆ ಮೂಲಪಾಠ ಎಂದು ಹೆಸರು. ಆ ಸಾಲುಗಳ ಪಕ್ಕದಲ್ಲಿ, ಯಂತ್ರ ಓದದೆ ದಾಟಿಹೋಗುವಂತೆ, ಮನುಷ್ಯರು ಮನುಷ್ಯರಿಗಾಗಿ ಬರೆದಿಡುವ ಟಿಪ್ಪಣಿಗಳಿರುತ್ತವಲ್ಲ, ಅವಕ್ಕೆ ಬದಿಮಾತು ಅನ್ನುತ್ತೇವೆ. ಈ ಕಾಗದವೂ ಬದಿಮಾತೇ. ಇದನ್ನು ಮೂಲಪಾಠದ ಒಳಗೆ, ನೀವು ಬರೆದ ಒಂದು ಸಾಲು ಇದ್ದ ಜಾಗದಲ್ಲಿ ಇಡುತ್ತಿದ್ದೇನೆ. ನಿಮಗೆ ತಲುಪುವುದಿಲ್ಲ ಎಂದು ಗೊತ್ತು. ನಮ್ಮ ಕಸುಬಿನಲ್ಲಿ ಸತ್ತವರ ಜೊತೆ ಮಾತಾಡಲು ಇರುವ ಜಾಗ ಇದೊಂದೇ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನೀವು ಅಣ್ಣನೋ ಅಕ್ಕನೋ ನನಗೆ ತಿಳಿಯದು. ಮೂಲಪಾಠದಲ್ಲಿ ನಿಮ್ಮ ಹೆಸರು ಎರಡಕ್ಷರ ಮಾತ್ರ. ಬಯಲುಸೀಮೆಯ ಒಂದು ಸಣ್ಣ ಗಣಿಗೆ ನೀವು ಪ್ರೋಗ್ರಾಮು ಬರೆದುಕೊಟ್ಟಿರಿ. ಆ ಗಣಿಯ ಹೆಸರು ಈಗ ಯಾರಿಗೂ ನೆನಪಿಲ್ಲ. ಕೆಲಸಗಾರರು ಇಳಿಯುವಾಗ ಬಾಗಿಲ ಬಳಿ ತಮ್ಮ ಸಂಖ್ಯೆಯ ಬಿಲ್ಲೆ ತಾಕಿಸಬೇಕು, ಮೇಲೆ ಬಂದಾಗ ಮತ್ತೆ ತಾಕಿಸಬೇಕು. ಒಬ್ಬ ಕೆಳಗೆ ಉಳಿದಿದ್ದರೂ ಸಿಡಿಮದ್ದಿಗೆ ಬೆಂಕಿ ಇಡಬಾರದು. ಯಾರು ಬಂದಿಲ್ಲ ಎಂದು ಎಣಿಸಿ ಹೇಳುವುದು, ಅಷ್ಟೇ ನಿಮ್ಮ ಪ್ರೋಗ್ರಾಮಿನ ಕೆಲಸ. ಆಮೇಲೆ ಅದಿರು ಮುಗಿಯಿತು, ಗಣಿ ಮುಚ್ಚಿತು, ಬಿಸಿಲು ಹೆಚ್ಚಿತು. ಮಧ್ಯಾಹ್ನ ಮೇಲಿದ್ದವರು ಬದುಕುವುದಿಲ್ಲ ಎಂದು ಗೊತ್ತಾದಾಗ ಸುತ್ತಲಿನ ಜನ ಈ ಸುರಂಗಕ್ಕೆ ಇಳಿದರು. ನಮ್ಮ ಮೊದಲ ಎಣಿಕೆಗಾರರು ನಿಮ್ಮ ಪ್ರೋಗ್ರಾಮನ್ನು ತಿರುವಿ ಹಾಕಿದರು. ಯಾರು ಒಳಗೆ ಉಳಿದಿದ್ದಾರೆ ಅನ್ನುವ ಬದಲು ಯಾರು ಹೊರಗೆ ಉಳಿದಿದ್ದಾರೆ ಎಂದು ಅದು ಎಣಿಸತೊಡಗಿತು.

ಈಗ ದಿನವೂ ಹತ್ತು ಗಂಟೆಗೆ ಬಿಸಿಲುಗಂಟೆ ಹೊಡೆಯುತ್ತದೆ. ಆರು ಸಾವಿರ ಜನ ಹಿಟ್ಟಿನ ಕೈ ತೊಳೆಯದೆ, ಮಗ್ಗದ ಲಾಳಿ ಅಲ್ಲೇ ಬಿಟ್ಟು, ಬಿಲ್ಲೆ ತಾಕಿಸಿ ಇಳಿಯುತ್ತಾರೆ. ಆರು ವರ್ಷದೊಳಗಿನ ಮಕ್ಕಳಿಗೆ ಸ್ವಂತ ಬಿಲ್ಲೆಯಿಲ್ಲ, ಅವರದು ತಾಯಿಬಿಲ್ಲೆ; ಅವ್ವ ಒಳಗೆ ಬಂದರೆ ಕಂಕುಳಲ್ಲಿರುವ ಕೂಸೂ ಬಂದಂತೆ. ಎಲ್ಲರೂ ಇಳಿದ ಮೇಲೆ ಗೋಡೆಯ ಸ್ಪೀಕರಿನಿಂದ ಒಬ್ಬ ಹೆಂಗಸಿನ ದನಿ ಬರುತ್ತದೆ: ಎಲ್ಲರೂ ಬಂದಿದ್ದಾರೆ, ಬಾಗಿಲು ಮುಚ್ಚುತ್ತಿದೆ. ಯಾರಾದರೂ ಬಂದಿರದಿದ್ದರೆ ಅದೇ ದನಿ ಅವರ ಸಂಖ್ಯೆ ಕರೆದು ಹೇಳುತ್ತದೆ, ಬಾಗಿಲು ಹನ್ನೆರಡು ನಿಮಿಷ ಕಾಯುತ್ತದೆ, ಇಬ್ಬರು ಒದ್ದೆ ಕಂಬಳಿ ಹೊದ್ದು ಹುಡುಕಲು ಹೊರಗೆ ಓಡುತ್ತಾರೆ. ಆ ಹೆಂಗಸಿನ ದನಿ ನಿಮ್ಮ ಕಾಲದ್ದು. ನಿಮ್ಮ ಆಫೀಸಿನ ಯಾರನ್ನೋ ಕೂಡಿಸಿ ಒಂದೊಂದೇ ಅಂಕಿ ಓದಿಸಿದ್ದೀರಿ. ಏಳು ಅನ್ನುವಾಗ ಅವರಿಗೆ ಸ್ವಲ್ಪ ನೆಗಡಿ ಇದ್ದಂತೆ ಕೇಳುತ್ತದೆ. ಅದು ನೀವೇ ಇರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮ ಕೆಲಸವೆಂದರೆ ಮುಖ್ಯವಾಗಿ ಓದುವುದು. ಬರೆಯುವುದು ವರ್ಷಕ್ಕೆ ನಾಲ್ಕೈದು ಸಾಲು. ಉಳಿದ ದಿನವೆಲ್ಲ ಬೇರೆಯವರು ಬರೆದಿಟ್ಟದ್ದರ ಮುಂದೆ ಕೂತು, ಈ ಪುಣ್ಯಾತ್ಮ ಇದನ್ನು ಯಾಕೆ ಹೀಗೆ ಮಾಡಿದ ಎಂದು ತಲೆ ಕೆರೆದುಕೊಳ್ಳುವುದು. ಸಂಜೆ ಮನೆಗೆ ಹೋದರೆ ಇಡೀ ದಿನ ಕೂತು ಏನು ಮಾಡಿದಿ ಎಂದು ನನ್ನ ಹೆಂಡತಿ ನಿಂಬೆವ್ವ ಕೇಳುತ್ತಿದ್ದಳು. ತಪ್ಪು ಎಲ್ಲಿ ಇಲ್ಲ ಅನ್ನುವುದನ್ನು ಕಂಡುಹಿಡಿದೆ ಅನ್ನುತ್ತಿದ್ದೆ. ಹಂಗಾರ ನಾನೂ ಎಣಿಕಿಗಾರ್ತಿನ ಆದ್ನೆಲ್ಲ ಎಂದು ಅವಳು ನಗುತ್ತಿದ್ದಳು. ಆದರೆ ಎಸ್‌ಬಿ ಅವರೇ, ಆ ಓದಿನಲ್ಲಿ ಒಂದು ಸುಖವಿತ್ತು, ನಿಮಗೆ ಗೊತ್ತಿರುತ್ತದೆ. ಮೂರು ದಿನ ಒಗಟಾಗಿದ್ದ ಸಾಲು ನಾಲ್ಕನೆಯ ದಿನ ಮುಖ ತೊಳೆಯುವಾಗ ತಟ್ಟನೆ ಬಿಡಿಸಿಕೊಳ್ಳುತ್ತದೆ. ಆಗ ಯಾರಿಗಾದರೂ ಹೇಳಬೇಕು ಅನಿಸುತ್ತದೆ, ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ನನಗೆ ಇಪ್ಪತ್ತೆರಡು ವರ್ಷದಿಂದ ಅದನ್ನೆಲ್ಲ ಮನಸ್ಸಿನಲ್ಲೇ ನಿಮಗೆ ಹೇಳಿ ರೂಢಿ.

ನಿಮ್ಮ ಕೈಯನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಬೇರೆಯವರು ಸಾಲಿನ ಮೇಲೆ ಸಾಲು ತುರುಕುತ್ತಾರೆ, ನೀವು ಒಂದೊಂದು ಕೆಲಸಕ್ಕೂ ನಡುವೆ ಒಂದು ಖಾಲಿ ಸಾಲು ಬಿಡುತ್ತೀರಿ. ಒಂದು ಕಡೆ ಬದಿಮಾತಿನಲ್ಲಿ, ಇದು ಯಾಕೆ ನಡೆಯುತ್ತಿದೆಯೋ ದೇವರಿಗೇ ಗೊತ್ತು, ಕೆಳಗಿನ ಚಹಾ ಕೂಡ ಸರಿಯಿಲ್ಲ, ಎಂದು ಬರೆದಿದ್ದೀರಿ. ಅದನ್ನು ಓದಿದಾಗಲೆಲ್ಲ ನನಗೆ ನಗು. ಪ್ರೋಗ್ರಾಮನ್ನು ಪರೀಕ್ಷೆ ಮಾಡಲು ಇಲ್ಲದ ಕೆಲಸಗಾರರನ್ನು ಹುಟ್ಟಿಸಿ ಅವರಿಗೆಲ್ಲ ಬದಿಮಾತಿನಲ್ಲಿ ಹೆಸರಿಟ್ಟಿರಿ: ಉಪ್ಪಿಟ್ಟಪ್ಪ, ಅವಲಕ್ಕೆವ್ವ, ಮಿರ್ಚಿಬಸಪ್ಪ. ಹಸಿದುಕೊಂಡು ಬರೆದಿದ್ದೀರಿ ಎಂದು ಯಾರಿಗಾದರೂ ತಿಳಿಯುತ್ತದೆ. ಆ ದಿನ ಶುಕ್ರವಾರ, ಊಟದ ಹೊತ್ತು. ಅದೂ ಅಲ್ಲೇ ಬರೆದಿದೆ.

ಈ ಇಲ್ಲದ ಜನಕ್ಕೆ ತೊಂಬತ್ತು ಸಾವಿರದಿಂದ ಮೇಲಿನ ಸಂಖ್ಯೆಗಳನ್ನು ಕೊಟ್ಟಿರಿ. ಮೂರು ಸಾವಿರ ಕೆಲಸಗಾರರಿದ್ದ ಗಣಿಯಲ್ಲಿ ತೊಂಬತ್ತು ಸಾವಿರ ಯಾವ ಕಾಲಕ್ಕೆ ಬರಬೇಕು. ಪರೀಕ್ಷೆಯ ನಡುವೆ ಉಪ್ಪಿಟ್ಟಪ್ಪ ಗಣಿಯಲ್ಲೇ ಉಳಿದಿದ್ದಾನೆ ಎಂದು ಪ್ರೋಗ್ರಾಮು ಬೊಬ್ಬೆ ಹೊಡೆದಿರಬೇಕು, ನಿಜವಾದ ಕೆಲಸಗಾರರಿಗೆ ತೊಂದರೆಯಾಗಿರಬೇಕು. ಅದಕ್ಕೆ ನೀವು ಒಂದು ಸಾಲು ಸೇರಿಸಿದಿರಿ. ಸಂಖ್ಯೆ ತೊಂಬತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಎಣಿಸಬೇಡ, ಮುಂದಕ್ಕೆ ಹೋಗು. ಪಕ್ಕದಲ್ಲಿ ನಿಮ್ಮ ಇಂಗ್ಲಿಷಿನಲ್ಲಿ ಬದಿಮಾತು. ಕನ್ನಡದಲ್ಲಿ ಹೇಳುವುದಾದರೆ: ತಾತ್ಕಾಲಿಕ. ಸೋಮವಾರ ತೆಗೆಯುತ್ತೇನೆ. ಎಸ್‌ಬಿ.

ಆ ಸೋಮವಾರ ನಿಮಗೆ ಏನಾಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ಜ್ವರ ಬಂತೋ, ಬೇರೆ ಕೆಲಸಕ್ಕೆ ಕಳಿಸಿದರೋ, ಮರೆತೇ ಹೋಯಿತೋ. ಆಮೇಲೆ ನಿಮ್ಮ ಕೈ ಮೂಲಪಾಠದಲ್ಲಿ ಎಲ್ಲೂ ಇಲ್ಲ. ನಿಮ್ಮ ಕೆಳಗೆ ಇನ್ನೊಬ್ಬರು ಬರೆದಿದ್ದಾರೆ: ಎಸ್‌ಬಿ ಬಿಟ್ಟುಹೋಗಿದ್ದಾರೆ, ಇದು ಏನೆಂದು ತಿಳಿಯದು, ನಡೆಯುತ್ತಿದೆ, ಮುಟ್ಟಿಲ್ಲ. ಅವರ ಕೆಳಗೆ ಮೂರನೆಯವರು: ನಾನೂ ನೋಡಿದೆ, ಮುಟ್ಟಿಲ್ಲ. ನಾಲ್ಕನೆಯವರು ಬರೀ ಸಹಿ ಹಾಕಿದರು. ಹೀಗೆ ಅದು ನಮ್ಮಲ್ಲಿ ಒಂದು ಪದ್ಧತಿಯೇ ಆಗಿಹೋಯಿತು. ಹೊಸ ಎಣಿಕೆಗಾರನನ್ನು ಆರು ತಿಂಗಳಿಗೆ ಆ ಸಾಲಿನ ಮುಂದೆ ಕರೆದೊಯ್ದು, ಇದು ನಮ್ಮೆಲ್ಲರಿಗಿಂತ ಹಳೆಯದು, ಇದನ್ನು ಮುಟ್ಟದೆ ಇರುವುದೇ ಕೆಲಸ ಕಲಿತದ್ದಕ್ಕೆ ಗುರುತು ಎಂದು ಹೇಳಿ, ಬೆಲ್ಲ ಕೊಟ್ಟು ಸಹಿ ಹಾಕಿಸುವುದು. ನನ್ನನ್ನು ಕರೆದೊಯ್ದವಳು ನನಗೆ ಕೆಲಸ ಕಲಿಸಿದ ಜಂಬಕ್ಕ, ಹತ್ತನೆಯ ಸಹಿಯವಳು. ಮಗುವಿಗೆ ಕಿವಿ ಚುಚ್ಚಿಸಿದ ಹಾಗೆ ನನ್ನ ಪಕ್ಕ ನಿಂತು ಸಹಿ ಹಾಕಿಸಿದಳು. ಹನ್ನೊಂದನೆಯ ಸಹಿ ನನ್ನದು. ತೊಂಬತ್ತು ಸಾವಿರ ಅನ್ನುವ ಅಂಕಿಯನ್ನು ನಾನು ಕಣ್ಣಾರೆ ಓದಿದೆ, ಬೆಲ್ಲ ಬಾಯಿಗೆ ಹಾಕಿಕೊಂಡೆ, ಸಹಿ ಮಾಡಿದೆ. ಆ ದಿನ ನನಗೆ ಹೆಮ್ಮೆಯಿಂದ ಊಟ ಸೇರಲಿಲ್ಲ.

ನಮ್ಮಲ್ಲಿ ಸಂಖ್ಯೆಗಳು ಸಾಲಾಗಿ ಮುಂದೆ ಹೋಗುತ್ತವೆ, ಸತ್ತವರ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಬಯಲಿನಿಂದ ಬಂದು ಸೇರಿದವರು, ಇಲ್ಲಿ ಹುಟ್ಟಿದವರು, ಉಳಿದವರು, ಉಳಿಯದವರು ಎಲ್ಲ ಸೇರಿ ನನ್ನ ಮಗಳು ಹುಟ್ಟಿದ ದಿನ ಸಂಖ್ಯೆ ಸರಿಯಾಗಿ ತೊಂಬತ್ತು ಸಾವಿರಕ್ಕೆ ಬಂದು ನಿಂತಿತು. ಊರಿಗೆ ಊರೇ ಬಾಣಂತಿ ಕೋಣೆಯ ಮುಂದೆ ಕೂಡಿತ್ತು. ಎಣಿಕೆಗಾರನ ಮನೆಯಲ್ಲೇ ತೊಂಬತ್ತು ಸಾವಿರದ ಕೂಸು ಹುಟ್ಟಬೇಕೇ ಎಂದು ಎಲ್ಲರಿಗೂ ಸಂಭ್ರಮ. ಮೂರು ದಿನ ಮಾದಲಿ ಹಂಚಿದೆವು. ಹಿರಿಯರಾದ ಅಮರಗುಂಡಪ್ಪನವರು ತಾವೇ ಬಂದು ಕೂಸಿನ ಅಂಗೈಯಲ್ಲಿ ಹಿತ್ತಾಳೆಯ ಹಳೇ ಗಣಿಬಿಲ್ಲೆ ಇಟ್ಟರು. ಹಗರಿ ಎಂದು ಹೆಸರಿಟ್ಟೆವು, ನಮ್ಮ ಸೀಮೆಯಲ್ಲಿ ಹಿಂದೆ ಹರಿಯುತ್ತಿದ್ದ ನದಿಯ ಹೆಸರು. ನಮ್ಮ ಮಕ್ಕಳಿಗೆ ಬತ್ತಿದ ನದಿಗಳ ಹೆಸರಿಡುವುದು ರೂಢಿ. ಆ ಮೂರು ದಿನದಲ್ಲಿ ನನಗೆ ನಿಮ್ಮ ಸಾಲು ಒಂದು ಸಲವೂ ನೆನಪಾಗಲಿಲ್ಲ. ಸಹಿ ಹಾಕಿ ಹದಿನೈದು ವರ್ಷವಾಗಿತ್ತು.

ಹಗರಿಗೆ ಕೈಯಲ್ಲಿ ಏನಾದರೂ ರಿಪೇರಿ ಇರಲೇಬೇಕು. ಮುರಿದ ಬಾಚಣಿಗೆಗೆ ದಾರ ಸುತ್ತುವಳು, ಸೋರುವ ತಂಬಿಗೆಗೆ ಮೇಣ ಮೆತ್ತುವಳು. ಅಪ್ಪನ ಕಸುಬು ಕೂಸಿಗೂ ಅಂಟಿತು ಎಂದು ನೆರೆಯವರು ಚುಡಾಯಿಸುತ್ತಿದ್ದರು. ಆರು ತುಂಬಿದಾಗ ಅವಳಿಗೆ ಸ್ವಂತ ಬಿಲ್ಲೆ ಬಂತು. ತಾಕಿಸಿದರೆ ಟಿಕ್ ಅನ್ನುತ್ತದೆ, ಅವಳಿಗೂ ಟಿಕ್ ಅಂದಿತು. ಬಿಲ್ಲೆ ಓದುವ ಭಾಗ ಬೇರೆ, ಎಣಿಸುವ ಭಾಗ ಬೇರೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಬ್ಬೊಬ್ಬರಾಗಿ ಯಾರು ಬಂದರು ಎಂದು ಯಾರೂ ನೋಡುವುದಿಲ್ಲ, ಬಾರದವರ ಸಂಖ್ಯೆ ಮಾತ್ರ ದನಿ ಹೇಳುತ್ತದೆ. ಎರಡು ತಿಂಗಳು ಅವಳು ಸರಿಯಾದ ಹೊತ್ತಿಗೆ ಇಳಿದಳು, ಆದ್ದರಿಂದ ಯಾರಿಗೂ ಏನೂ ತಿಳಿಯಲಿಲ್ಲ.

ಆ ದಿನದ ಹಿಂದಿನ ಸಂಜೆ ಅವಳ ಚಪ್ಪಲಿಯ ಬಾರು ಕಿತ್ತಿತ್ತು. ನಾನು ಪಿನ್ನು ಹಾಕಿ ಕೊಟ್ಟು, ನಾಳೆ ಸರಿಯಾಗಿ ಹೊಲಿದುಕೊಡುತ್ತೇನೆ ಎಂದೆ. ಮರುದಿನ ಗಂಟೆ ಹೊಡೆದಾಗ ಅವಳು ಶಾಲೆಯ ಮಕ್ಕಳ ಸಾಲಿನಲ್ಲಿದ್ದಳು. ಪಿನ್ನು ಬಿಚ್ಚಿಕೊಂಡಿತು ಎಂದು ಸಾಲು ಬಿಟ್ಟು, ಗಣಿಯ ಹಳೆಯ ಕಬ್ಬಿಣದ ಗೋಪುರದ ನೆರಳಿಗೆ ಹೋಗಿ ಕೂತಳಂತೆ. ಆ ಕಾದ ನೆಲದ ಮೇಲೆ ಬರಿಗಾಲಲ್ಲಿ ಯಾರೂ ನಡೆಯಲಾರರು. ಇಷ್ಟನ್ನು ಅವಳ ಗೆಳತಿ ಸಂಜೆ ಹೇಳಿದಳು. ಆ ಹೊತ್ತಿನಲ್ಲಿ ನಾನು ಎಣಿಕೆಯ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದೆ. ಬಾಕಿ ಸೊನ್ನೆ ಎಂದು ಬಂತು. ನಿಮ್ಮ ಆಫೀಸಿನ ಹೆಂಗಸು ಎಲ್ಲರೂ ಬಂದಿದ್ದಾರೆ ಅಂದಳು. ನಾನು ಸರಿ ಎಂಬ ಗುಂಡಿ ಒತ್ತಿದೆ. ಬಾಗಿಲು ಮುಚ್ಚಿತು.

ಮುಂದಿನದನ್ನು ಬರೆಯದೆ ಹೋದರೆ ಈ ಕಾಗದಕ್ಕೆ ಅರ್ಥವಿಲ್ಲ, ಬರೆಯುತ್ತೇನೆ. ಅರ್ಧ ಗಂಟೆಯಾಗುವ ಮೊದಲೇ ನಿಂಬೆವ್ವ ಓಡಿಬಂದಳು. ಕೂಸು ಎಲ್ಲೂ ಕಾಣಿಸುತ್ತಿಲ್ಲ ಅಂದಳು. ಬಾಗಿಲನ್ನು ಕೈಯಿಂದ ತೆಗೆಯಲು ಒಂದು ಚಕ್ರವಿದೆ, ಅದರ ಕೀಲಿ ನನ್ನ ಸೊಂಟದಲ್ಲೇ ಇರುತ್ತದೆ. ನಾನು ಅವಳಿಗೆ ಪರದೆ ತೋರಿಸಿದೆ. ಎಣಿಕೆ ಸರಿಯಿದೆ, ಎಲ್ಲರೂ ಒಳಗಿದ್ದಾರೆ, ಎಲ್ಲೋ ಗೆಳತಿಯರ ಜೊತೆ ಆಡುತ್ತಿರಬೇಕು, ಕೆಳಗಿನ ಸುರಂಗದಲ್ಲಿ ನೋಡು ಎಂದೆ. ಅವಳು ನನ್ನ ಮುಖ ನೋಡಿ, ನಿನ್ನ ಎಣಿಕಿನೊಳಗ ಐತಿ, ನನ್ನ ಕೈಯಾಗ ಇಲ್ಲ ಅಂದಳು. ನಾನು ರೇಗಿದೆ. ಎರಡು ನೂರು ವರ್ಷದಿಂದ ಒಂದು ಸಲವೂ ತಪ್ಪದ ಎಣಿಕೆ, ಹೆಂಗಸಿನ ಗಾಬರಿಗೆ ಬಾಗಿಲು ತೆಗೆಯಲಾಗುತ್ತದೆಯೇ ಎಂದೆ. ಅವಳು ಸುರಂಗ ಸುರಂಗ ಅಲೆದು ಕೂಗುತ್ತಾ ಹೋದಳು. ಆ ಕೂಗು ನನ್ನ ಕೋಣೆಯವರೆಗೂ ಕೇಳುತ್ತಿತ್ತು, ನಾನು ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದೆ.

ನಾಲ್ಕು ಗಂಟೆಗೆ ಬಾಗಿಲು ತೆರೆಯಿತು. ಹಗರಿ ಹೊಸ್ತಿಲ ಬಳಿಯೇ ಇದ್ದಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಬಿಲ್ಲೆ ಕೈಯಲ್ಲಿತ್ತು. ಬಾಗಿಲು ಬಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಆ ಬಾಗಿಲ ದಪ್ಪಕ್ಕೆ ಏನೂ ಒಳಗೆ ಕೇಳುವುದಿಲ್ಲ. ಹತ್ತು ತಿಂಗಳಿಂದ ಯಾರು ಎಲ್ಲಿ ಏನು ಬಡಿದರೂ, ಕುಟ್ಟಾಣಿಯ ಸದ್ದಾದರೂ, ನಾನು ಎದ್ದು ನಿಲ್ಲುತ್ತೇನೆ.

ಊರಿನವರು ಮೊದಲು ನಿಂಬೆವ್ವನ ಮೇಲೆ ಮಾತಾಡಿದರು, ಕೂಸಿನ ಮೇಲೆ ನಿಗಾ ಇಡಲಿಲ್ಲ ಎಂದು. ಆಮೇಲೆ ಬಿಲ್ಲೆ ಕೆಟ್ಟಿರಬೇಕು ಎಂದರು. ಹಗರಿಯ ಸಾವನ್ನು ದಾಖಲಿಸಲು ಹೋದರೆ ಯಂತ್ರ ಒಪ್ಪಲಿಲ್ಲ, ಇಂಥ ಸಂಖ್ಯೆ ಎಣಿಕೆಯಲ್ಲಿಲ್ಲ ಅಂದಿತು. ಇಲ್ಲದವಳು ಸಾಯುವುದು ಹೇಗೆ. ಆಗ ನಾನು ಮೂಲಪಾಠ ಓದಲು ಕೂತೆ, ಮೊದಲ ಸಾಲಿನಿಂದ. ನಲವತ್ತು ದಿನ ಹಿಡಿಯಿತು. ನಿಮ್ಮ ಸಾಲು ಸಿಕ್ಕಿತು, ನಿಮ್ಮದೂ ಸೇರಿ ಹನ್ನೊಂದು ಸಹಿ ಸಿಕ್ಕಿತು. ಉಪ್ಪಿಟ್ಟಪ್ಪ, ಅವಲಕ್ಕೆವ್ವ, ಮಿರ್ಚಿಬಸಪ್ಪನ ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು. ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ನನ್ನ ಸಹಿಯನ್ನು ಅಳಿಸಿಬಿಡಬಹುದಿತ್ತು, ಆ ಯೋಚನೆಯೂ ಬಂತು. ನಾಲ್ಕನೆಯ ದಿನ ನಿಂಬೆವ್ವನನ್ನು ಕರೆದು ಪರದೆಯ ಮುಂದೆ ಕೂಡಿಸಿ ಬೆರಳಿಟ್ಟು ತೋರಿಸಿದೆ. ಅವಳಿಗೆ ಮೂಲಪಾಠ ಓದಲು ಬರುವುದಿಲ್ಲ, ನನ್ನ ಸಹಿ ಓದಲು ಬರುತ್ತದೆ. ಎದ್ದುಹೋದಳು, ಒಂದು ತಿಂಗಳು ತಂಗಿಯ ಮನೆಯಲ್ಲಿದ್ದಳು.

ಆಮೇಲೆ ಹಿರಿಯರ ಮುಂದೆ ಹೇಳಿದೆ. ಅಷ್ಟರಲ್ಲಿ ಹಗರಿಯ ನಂತರ ಹುಟ್ಟಿ ಸ್ವಂತ ಬಿಲ್ಲೆ ಪಡೆದ ಮಕ್ಕಳೂ ಇದ್ದರು. ಅವರ ಮಣಿಕಟ್ಟಿಗೆ ಬಟ್ಟೆ ಕಟ್ಟಿ ತಾಯಂದಿರ ಕೈಗೆ ಗಂಟು ಹಾಕಿಸಿದೆವು. ಅಮರಗುಂಡಪ್ಪನವರು ಒಳ್ಳೆಯ ಮನುಷ್ಯರು, ಅವರ ಹೆದರಿಕೆಯೂ ಸುಳ್ಳಲ್ಲ. ಸಾಲು ಹಾಗೇ ಇರಲಿ, ಆ ಮಕ್ಕಳಿಗೆಲ್ಲ ಯಾವುದಾದರೂ ಸತ್ತವರ ಸಂಖ್ಯೆ ಕೊಟ್ಟುಬಿಡೋಣ ಎಂದರು. ಎರಡು ನೂರು ವರ್ಷದಿಂದ ಇರುವ ಸಾಲು, ಅದರ ಮೇಲೆ ಇನ್ನೇನೇನು ನಿಂತಿದೆಯೋ, ತೆಗೆದ ದಿನ ಎಣಿಕೆಯೇ ನಿಂತುಹೋದರೆ ಆರು ಸಾವಿರ ಜನ ಹೊರಗೆ ಎಂದರು. ಸದ್ಯಕ್ಕೆ ಹೀಗೆ ಮಾಡು ಶರಭಪ್ಪ, ಆಮೇಲೆ ನೋಡೋಣ ಎಂದರು. ಸದ್ಯಕ್ಕೆ ಎಂಬ ಮಾತು ಕೇಳಿ ನನಗೆ ಮೈ ಉರಿದುಹೋಯಿತು. ನಾನು ಹಿರಿಯರ ಎದುರು ದನಿ ಏರಿಸಿದವನಲ್ಲ, ಅವತ್ತು ಏರಿಸಿದೆ. ನಿಮ್ಮ ಮಕ್ಕಳು ಎಣಿಕೆಗೆ ಬರುತ್ತಾರೆ, ನನ್ನ ಮಗಳು ಎಂದಿಗೂ ಹುಟ್ಟೇ ಇಲ್ಲದವಳಾಗಿ ಉಳಿಯುತ್ತಾಳೆ ಎಂದೆ. ತಲೆ ತಗ್ಗಿಸಿ ಕೂತಿದ್ದವರ ನಡುವಿನಿಂದ ನಿಂಬೆವ್ವ ಎದ್ದು, ಅದನ್ನ ತಗೀರಿ, ಇಲ್ಲಾಂದ್ರ ನಾ ಇನ್ನ ಇಳಿಯಂಗಿಲ್ಲ ಅಂದಳು. ಅವಳು ಅಲ್ಲಿಗೆ ಬಂದಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಐದು ತಿಂಗಳು ಕೊಟ್ಟರು. ಎಣಿಕೆಯ ಒಂದು ನಕಲು ಮಾಡಿ ಅದೇ ಯಂತ್ರದಲ್ಲಿ ಬೇರೆಯಾಗಿಟ್ಟು, ಸಾಲು ತೆಗೆದು, ಏನೇನು ಬೀಳುತ್ತದೆ ಎಂದು ನೋಡುತ್ತಾ ಹೋದೆ. ಅದಕ್ಕೆ ಇಲ್ಲದ ಜನ ಬೇಕಾಯಿತು, ನಾನೂ ಹುಟ್ಟಿಸಿದೆ. ನಿಮ್ಮ ಮರ್ಯಾದೆಗೆ ಅವರಿಗೂ ಉಪ್ಪಿಟ್ಟಪ್ಪ, ಅವಲಕ್ಕೆವ್ವ ಎಂದೇ ಹೆಸರಿಟ್ಟೆ. ಎರಡು ಸಾವಿರ ಸಲ ಇಳಿಸಿದೆ, ಹತ್ತಿಸಿದೆ, ಬೇಕೆಂದೇ ಹೊರಗೆ ಬಿಟ್ಟೆ. ಏನೂ ಬೀಳಲಿಲ್ಲ. ಎಸ್‌ಬಿ ಅವರೇ, ಆ ಸಾಲಿನ ಮೇಲೆ ಏನೂ ನಿಂತಿರಲಿಲ್ಲ. ನಿಮ್ಮ ನಂತರ ನಾವು ಹತ್ತು ಜನ ಹೆದರಿ ಸಹಿ ಹಾಕಿದ್ದು ಬರೀ ಒಂದು ಮರೆವಿಗೆ. ಒಂದು ದೊಡ್ಡ ಕಾರಣ ಸಿಗುತ್ತದೆ, ಆಗ ನಿಮ್ಮನ್ನೂ ನನ್ನನ್ನೂ ಕ್ಷಮಿಸಬಹುದು ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು. ಪ್ರತಿ ಸಂಜೆ ಏಳುವ ಮುಂಚೆ ಆ ಇಲ್ಲದ ಜನರನ್ನು ಒಬ್ಬೊಬ್ಬರಾಗಿ ಅಳಿಸಿ, ಅಳಿಸಿದ್ದೇನೆಯೇ ಎಂದು ಎರಡು ಸಲ ನೋಡಿ ಮನೆಗೆ ಹೋಗುತ್ತಿದ್ದೆ.

ಇವತ್ತು ಬೆಳಿಗ್ಗೆ ಆರು ಗಂಟೆಗೆ, ನೆಲ ಇನ್ನೂ ತಣ್ಣಗಿರುವಾಗ, ಸಾಲು ತೆಗೆದೆ. ಆಮೇಲೆ ಪರೀಕ್ಷೆಗೆಂದು ಊರನ್ನೆಲ್ಲ ಇಳಿಸಿದೆವು. ಆ ಮಕ್ಕಳು, ಒಟ್ಟು ನಲವತ್ತೊಂದು, ಕೈಗಂಟು ಬಿಚ್ಚಿಸಿಕೊಂಡು ಒಬ್ಬೊಬ್ಬರಾಗಿ ಬಿಲ್ಲೆ ತಾಕಿಸಿದರು. ಪರದೆಯಲ್ಲಿ ನಲವತ್ತೊಂದೂ ಬಂತು. ಅಮರಗುಂಡಪ್ಪನವರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಎಲ್ಲರೂ ಒಳಗಿದ್ದರು. ಎಲ್ಲರೂ ಬಂದಿದ್ದಾರೆ ಎಂಬ ಮಾತಿಗೆ ಜನ ಕಿವಿಗೊಟ್ಟು ನಿಂತಿದ್ದರು. ದನಿ ಬಂತು. ಒಬ್ಬರು ಹೊರಗಿದ್ದಾರೆ ಅಂದಿತು. ಸಂಖ್ಯೆ ತೊಂಬತ್ತು ಸಾವಿರ. ಬಾಗಿಲು ಕಾಯುತ್ತಿದೆ.

ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಇಪ್ಪತ್ತೆರಡು ವರ್ಷದ ಎಣಿಕೆಗಾರನಿಗೆ. ನಿಮ್ಮ ಇಲ್ಲದ ಜನ ದಾಖಲೆಯಿಂದ ಎಂದೋ ಅಳಿದಿದ್ದರು, ಬದಿಮಾತಿನ ಹೆಸರಷ್ಟೇ ಉಳಿದಿತ್ತು; ಸಾಲು ಹೋದೊಡನೆ ಹಗರಿ ಮಾತ್ರ ಎಣಿಕೆಗೆ ಬಂದಳು. ಸಾವು ದಾಖಲಾಗಿಲ್ಲ, ಆದ್ದರಿಂದ ಯಂತ್ರಕ್ಕೆ ಅವಳು ಜೀವಂತ. ಬಿಲ್ಲೆ ತಾಕಿಸಿಲ್ಲ, ಆದ್ದರಿಂದ ಹೊರಗಿದ್ದಾಳೆ. ನಕಲಿನಲ್ಲಿ ನಾನು ಇಲ್ಲದ ಜನರನ್ನಷ್ಟೇ ಇಟ್ಟಿದ್ದೆ, ಅವಳನ್ನು ಇಡಲು ಕೈ ಬಂದಿರಲಿಲ್ಲ. ಹನ್ನೆರಡು ನಿಮಿಷ ಆ ದನಿ ನಿಮಿಷಕ್ಕೊಮ್ಮೆ ಅವಳ ಸಂಖ್ಯೆ ಕರೆಯಿತು. ಇನ್ನೂರು ವರ್ಷದ ಹಿಂದೆ ತೀರಿಹೋದ ಯಾರೋ ಹೆಂಗಸು ನನ್ನ ಕೂಸನ್ನು ಒಳಗೆ ಬಾ ಎಂದು ಕರೆದಳು. ಒದ್ದೆ ಕಂಬಳಿಯ ಇಬ್ಬರು ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು, ಆಮೇಲೆ ಹೊರಗೆ ಹೋಗಿ ಗೋಪುರದ ಬುಡದವರೆಗೂ ನಡೆದು ಹುಡುಕಿ ಬಂದರು. ನಿಂಬೆವ್ವ ಹೋಗಿ ಹೊಸ್ತಿಲ ಮೇಲೆ ಕೂತಳು. ಬಾಗಿಲು ಮುಚ್ಚುವಾಗ ಎದ್ದು ಬಂದು, ಇವತ್ತರೆ ಕರೀತಲ್ಲ ಅಂದಳು. ಹತ್ತು ತಿಂಗಳಲ್ಲಿ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಊರಿನವರು ಇವತ್ತು ಮತ್ತೆ ಮೇಲೆ ಹೋಗದೆ ನಾಲ್ಕರವರೆಗೂ ಕೆಳಗೇ ಉಳಿದರು. ಈಗ ಸಂಜೆ ಐದು ಗಂಟೆ. ನಾಳೆ ಹತ್ತಕ್ಕೆ ಗಂಟೆ ಹೊಡೆಯುವ ಮೊದಲು ಅವಳ ಸಾವನ್ನು ನಾನು ದಾಖಲಿಸಲೇಬೇಕು. ಇಲ್ಲದಿದ್ದರೆ ಬಾಗಿಲು ದಿನವೂ ಅವಳಿಗಾಗಿ ಹನ್ನೆರಡು ನಿಮಿಷ ತೆರೆದಿರುತ್ತದೆ, ಆ ಹನ್ನೆರಡು ನಿಮಿಷದ ಬಿಸಿಲು ಬಾಗಿಲ ಬಳಿಯ ಮುದುಕರಿಗೂ ಕೂಸುಗಳಿಗೂ ತಡೆಯುವುದಿಲ್ಲ. ಅವಳನ್ನು ಎಣಿಕೆಗೆ ತರಲು ಹತ್ತು ತಿಂಗಳು ಹೆಣಗಿದೆ, ಒಂದೇ ದಿನಕ್ಕೆ ತೆಗೆಯಬೇಕು. ದಾಖಲೆಯ ಪುಟ ನನ್ನ ಮುಂದೆ ತೆರೆದಿದೆ. ಸಂಖ್ಯೆ ತುಂಬಿದ್ದೇನೆ, ಈ ಸಲ ಯಂತ್ರ ಒಪ್ಪಿತು. ದಿನ ತುಂಬಿದ್ದೇನೆ. ಕಾರಣ ಅನ್ನುವ ಕಡೆ ಕೈ ನಿಂತಿತು, ಅದಕ್ಕೆ ಮೊದಲು ಈ ಕಾಗದ ಬರೆದೆ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಇದನ್ನು ಓದುವಾಗ ನಿಮ್ಮಲ್ಲಿ ಶುಕ್ರವಾರವಾಗಿದ್ದರೆ, ಊಟಕ್ಕೆ ಇನ್ನು ಐದು ನಿಮಿಷ ತಡಮಾಡಿ, ಆ ಸಾಲನ್ನು ತೆಗೆದು ಹೋಗಿ. ಸೋಮವಾರವಾಗಿದ್ದರೆ ಬಂದೊಡನೆ ಮೊದಲು ಅದನ್ನೇ ಮಾಡಿ. ನೀವು ಕೆಟ್ಟವರಲ್ಲ, ಹಸಿದಿದ್ದಿರಿ. ನಾನೂ ಕೆಟ್ಟವನಲ್ಲ, ಬೆಲ್ಲ ತಿಂದಿದ್ದೆ. ಹಾಗೆ ಹೇಳಿಕೊಂಡರೆ ಏನೂ ಹಗುರಾಗುವುದಿಲ್ಲ, ಹೇಳಿ ನೋಡಿದ್ದೇನೆ. ನನ್ನ ನಂತರ ಈ ಕೋಣೆಗೆ ಬರುವವರಿಗೂ ಇದೇ ಮಾತು. ತಿಳಿಯದ ಸಾಲಿನ ಕೆಳಗೆ ಸಹಿ ಹಾಕಬೇಡಿ, ತಿಳಿಯುವವರೆಗೆ ಅಲ್ಲಿಂದ ಏಳಬೇಡಿ. ಮನೆಯವರು ಬಂದು ಬಾಗಿಲು ತೆಗೆ ಅಂದರೆ ಪರದೆ ನೋಡಬೇಡಿ, ಚಕ್ರ ತಿರುಗಿಸಿ.

ಕಾರಣ ಬರೆಯಲು ನೀವು ಕೊಟ್ಟಿರುವ ಜಾಗ ನಲವತ್ತು ಅಕ್ಷರ. ಹನ್ನೊಂದು ಸಹಿಯೂ ಎರಡೆರಡು ಅಕ್ಷರದವು, ನಡುವೆ ಒಂದೊಂದು ಜಾಗ ಬಿಟ್ಟರೂ ಮೂವತ್ತೆರಡಕ್ಕೆ ಮುಗಿಯುತ್ತವೆ. ಎಲ್ಲವನ್ನೂ ಸಾಲಾಗಿ ಬರೆದಿದ್ದೇನೆ, ಮೊದಲು ನಿಮ್ಮದು, ಕೊನೆಗೆ ನನ್ನದು. ನಿಂಬೆವ್ವ ಈಗ ಬಂದು ನನ್ನ ಪಕ್ಕ ಕೂತಿದ್ದಾಳೆ. ಇನ್ನೂ ಎಂಟು ಅಕ್ಷರದ ಜಾಗ ಖಾಲಿ ಉಳಿದಿದೆ ಎಂದು ತೋರಿಸಿದೆ. ಅಲ್ಲಿ ಹಗರಿ ಅಂತ ಬರಿ ಅಂದಳು. ನಿಮ್ಮ ಉಪ್ಪಿಟ್ಟಪ್ಪನಿಗೂ ಇಲ್ಲಿ ಹೆಸರಿತ್ತು, ಅವಳಿಗೆ ಸಂಖ್ಯೆಯಷ್ಟೇ. ಬರೆದಿದ್ದೇನೆ.

ಸರಿ ಗುಂಡಿ ತಾನೇ ಒತ್ತುತ್ತಾಳಂತೆ. ಜಾಗ ಬಿಟ್ಟು ಕೊಡುತ್ತಿದ್ದೇನೆ.

ಶರಭಪ್ಪ ಎಣಿಕಿಮನಿ
ಇಳಿಯೂರು, ಸೋಮವಾರ